ಮೂಕಪೇಟೆಗೆ ಬೇಕಾದ ಓಣಿ

ಮೂಕಪೇಟೆ ಎಂಬ ವಿಡಿಯೋ ಗೇಮಿನ ಎರಡನೇ ಟ್ರೇಲರ್ ಬಂದ ದಿನ ಸ್ನೇಹಲ್‌ಗೆ ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದರಲ್ಲಿ ಫೋನು ಹಿಡಿದು ಜೋತುಬಿದ್ದಂತೆ ನಿಂತಿದ್ದಳು. ಬಸ್ಸು ಸಸ್ತಾಪುರ ಬಂಗ್ಲಾದ ಹತ್ತಿರ ಹೈವೇಗೆ ಹತ್ತುವ ಹೊತ್ತಿಗೆ ಟ್ರೇಲರ್ ಶುರುವಾಯಿತು. ಒಂದು ಹಾಳು ಪೇಟೆ. ಮಟಮಟ ಮಧ್ಯಾಹ್ನ. ಅಂಗಡಿಗಳೆಲ್ಲ ತೆರೆದೇ ಇವೆ, ತಕ್ಕಡಿ ಇನ್ನೂ ತೂಗಾಡುತ್ತಿದೆ, ಜನ ಮಾತ್ರ ಇಲ್ಲ. ಆ ಪೇಟೆಯಲ್ಲಿ ಯಾರೂ ಸದ್ದು ಮಾಡುವ ಹಾಗಿಲ್ಲ. ಮಾಡಿದರೆ ಹುಡುಕಿಕೊಂಡು ಏನೋ ಒಂದು ಬರುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ ಇದೆ. ಕೊನೆಗೆ ಎಲ್ಲೋ ಒಂದು ಮಗು ಸೀನಿತು. ಪರದೆ ಕಪ್ಪಾಗಿ, ‘ಬರುವ ಏಪ್ರಿಲ್’ ಎಂಬ ಅಕ್ಷರ ಮೂಡಿತು.

ಸ್ನೇಹಲ್ ಕಿರುಚಿಯೇಬಿಟ್ಟಳು.

“ಏನಾತವ್ವಾ?” ಕಂಡಕ್ಟರ್ ಹಿಂದಿನಿಂದ ಓಡಿಬಂದ. “ಯಾರರ ಕೈಮೈ ಮುಟ್ಟಿದ್ರೇನು?”

“ಇಲ್ರಿ ಕಾಕಾ. ಏಪ್ರಿಲ್‌ದಾಗ ಬರಾಕತ್ತದ್ರಿ!”

“ಏನು?”

“ಆಟ!”

ಕಂಡಕ್ಟರ್ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಟಿಕೆಟ್ಟಿನ ಕಡೆ ತಿರುಗಿದ.

ಬಸವಕಲ್ಯಾಣದ ಕಿರಾಣಿ ಬಸವಣಪ್ಪನ ಮಗಳು ಸ್ನೇಹಲ್ ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಂಪನಿಯಲ್ಲಿ ಗುಳಿಗೆಪಟ್ಟಿಗಳ ಮೇಲಿನ ಲೇಬಲ್ಲು ನೋಡುವ ಕೆಲಸಕ್ಕಿದ್ದಳು. ಓರೆಯಾಗಿ ಅಂಟಿದ್ದು, ಅಕ್ಷರ ಅಳಿಸಿದ್ದು ಕಂಡರೆ ತೆಗೆದು ಪಕ್ಕಕ್ಕಿಡಬೇಕು. ದಿನವಿಡೀ ಅದೇ. ಅವಳ ನಿಜವಾದ ಜೀವ ಇದ್ದದ್ದು ಬೇರೆ ಕಡೆ. ಎಲ್ಲಿ ಯಾವ ದೆವ್ವದ ಸಿನಿಮಾ ತಯಾರಾಗುತ್ತಿದೆ, ಚಂದ್ರನ ಮೇಲೆ ಊರು ಕಟ್ಟಿದವರ ಸಿನಿಮಾಕ್ಕೆ ಯಾಕೆ ತಡವಾಯಿತು, ಯಾವ ಆಟದ ಎರಡನೇ ಭಾಗದಲ್ಲಿ ಸತ್ತವಳು ಮತ್ತೆ ಬರುತ್ತಾಳೆ, ಇವೆಲ್ಲ ಅವಳಿಗೆ ಬಂಧುಬಳಗದ ಮದುವೆಯ ಸುದ್ದಿಗಳಂತೆ ಬಾಯಿಪಾಠ. ಬಂದ ಸಿನಿಮಾಕ್ಕಿಂತ ಬರಲಿರುವ ಸಿನಿಮಾ ಅವಳಿಗೆ ಹೆಚ್ಚು ಪ್ರೀತಿ. ಕಾಯುವುದರಲ್ಲೇ ಅವಳಿಗೆ ಹಬ್ಬ.

‘ಅಂಜಬ್ಯಾಡ್ರಿ’ ಎಂಬ ಹೆಸರಿನಲ್ಲಿ ಅವಳದೊಂದು ಯೂಟ್ಯೂಬ್ ಚಾನೆಲ್ ಇತ್ತು. ಅದರಲ್ಲಿ ಅವಳು ಬೀದರ ಸೀಮೆಯ ಮಾತಿನಲ್ಲೇ, ಕೈ ತಿರುವುತ್ತ, ಕಣ್ಣರಳಿಸುತ್ತ ಈ ಸುದ್ದಿಗಳನ್ನು ಹೇಳುತ್ತಿದ್ದಳು. ನೋಡುವವರು ಕಡಿಮೆ. ಆದರೆ ನೋಡುವವರು ಬಿಡದೆ ನೋಡುತ್ತಿದ್ದರು. ಇಂಥ ಸುದ್ದಿಯನ್ನು ತಮ್ಮ ಅವ್ವನ ಮಾತಿನಲ್ಲಿ ಹೇಳುವವರು ಅವರಿಗೆ ಇನ್ನೆಲ್ಲೂ ಸಿಕ್ಕಿರಲಿಲ್ಲ.

ಅವಳ ಅವ್ವ ರುಕ್ಮಿಣಿಬಾಯಿಗೆ ಮಾತ್ರ ಇದು ಸೇರುತ್ತಿರಲಿಲ್ಲ. “ದೇವರ ಹೆಸರು ತಗೋಳೋ ವಯಸ್ಸಿನ್ಯಾಗ ದೆವ್ವದ ಹೆಸರು ತಗೋತಿ. ಕರದ್ರ ಬರ್ತಾವು ಅವು, ತಿಳ್ಕೊ,” ಎಂದು ರೊಟ್ಟಿ ಬಡಿಯುತ್ತಲೇ ಗದರುತ್ತಿದ್ದಳು.

ಟ್ರೇಲರ್ ನೋಡಿದ ಮೇಲೆ ಬಂದ ಭಾನುವಾರ ಸ್ನೇಹಲ್ ಫೋನು ಹಿಡಿದು ಊರ ಹಳೆಯ ಕೋಟೆ ಕಿಲ್ಲಾದ ಹಿಂದಿನ ಓಣಿಗೆ ಹೋದಳು. ಫೆಬ್ರವರಿಯ ಬಿಸಿಲು ಆಗಲೇ ಚುರುಕಾಗಿತ್ತು. ಕರಿಕಲ್ಲಿನ ಗೋಡೆಗಳು, ಗಿಡ್ಡ ಬಾಗಿಲುಗಳು, ನೆರಳೇ ಇಲ್ಲದ ನಡುಹಗಲು. “ನೋಡ್ರಿ, ಮೂಕಪೇಟೆ ಎಲ್ಲೋ ಇಲ್ರಿ, ನಮ್ಮ ಕಲ್ಯಾಣದಾಗೇ ಅದ,” ಎಂದು ಪಿಸುಮಾತಿನಲ್ಲಿ ಹೇಳುತ್ತ ಓಣಿಯ ಉದ್ದಕ್ಕೂ ನಡೆದಳು. ಹಿಂದುಗಡೆ ಒಂದು ಬಾಗಿಲು ತೆರೆಯಿತು. ನೀರಿನ ಕೊಡ ಹಿಡಿದ ಹೆಂಗಸೊಬ್ಬಳು ಹೊರಬಂದು, ಫೋನು ಕಂಡು, ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಸರಿದಳು. ಅಷ್ಟು ಭಾಗ ಕತ್ತರಿಸಬೇಕೆಂದು ಸ್ನೇಹಲ್‌ಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕತ್ತರಿಸುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಬಂದಿತ್ತು ಅದು.

ಆ ವಿಡಿಯೋಕ್ಕೆ ಎಂದೂ ಬಾರದಷ್ಟು ಜನ ಬಂದರು. ಮರುದಿನ ಒಂದು ಮೆಸೇಜು ಬಂತು. ಬರೆದವನು ತನ್ನ ಹೆಸರು ವೀರಭದ್ರ ಎಂದು ಹೇಳಿಕೊಂಡ. ಪುಣೆಯಲ್ಲಿ ಮೂಕಪೇಟೆ ತಯಾರಿಸುವವರ ಜೊತೆ ಕೆಲಸ ಮಾಡುತ್ತಾನಂತೆ, ಆಟದೊಳಗಿನ ಬೀದಿ, ಮನೆ, ಬಾವಿಗಳನ್ನು ಕಟ್ಟುವವನು ಅವನೇ. ‘ನಮ್ಮ ಇಡೀ ಟೀಮು ನಿಮ್ಮ ಓಣಿ ನೋಡಿ ಬೆರಗಾಗಿದೆ. ಕೊನೆಯ ಭಾಗಕ್ಕೆ ಇಂಥದೇ ಒಂದು ಓಣಿ ಬೇಕಾಗಿದೆ. ಸಹಾಯ ಮಾಡುತ್ತೀರಾ? ಬಿಡುಗಡೆಗೆ ಮೊದಲು ಯಾರಿಗೂ ಹೇಳಕೂಡದು.’

ಸ್ನೇಹಲ್ ಆ ಮೆಸೇಜನ್ನು ಎಷ್ಟು ಸಲ ಓದಿದಳೋ. ಲೇಬಲ್ಲುಗಳ ಮುಂದೆ ಕೂತಾಗಲೂ ಅವಳ ತುಟಿಯಂಚಿನಲ್ಲಿ ನಗು ಇತ್ತು. ಓರೆಯಾದ ಪಟ್ಟಿಗಳು ಅಂದು ಎಷ್ಟು ದಾಟಿಹೋದವೋ ದೇವರಿಗೇ ಗೊತ್ತು.

ಆ ಮನುಷ್ಯನಿಗೆ ಆಟದ ಬಗ್ಗೆ ಗೊತ್ತಿಲ್ಲದ್ದೇ ಇರಲಿಲ್ಲ. ಟ್ರೇಲರಿನಲ್ಲಿ ಒಂದು ಕ್ಷಣ ಮಾತ್ರ ಕಾಣುವ ಗೋಡೆಬರಹದ ಅರ್ಥ ಹೇಳಿದ. ಯಾರೂ ನೋಡಿರದ ಚಿತ್ರಗಳನ್ನು ಕಳಿಸಿದ. ಅವಳ ಹಳೆಯ ವಿಡಿಯೋಗಳನ್ನೆಲ್ಲ ನೋಡಿದ್ದ. ಎರಡು ವರ್ಷದ ಹಿಂದೆ ಅವಳು ಹೇಳಿದ ಒಂದು ಚೇಷ್ಟೆಯ ಮಾತನ್ನೂ ನೆನಪಿಟ್ಟುಕೊಂಡಿದ್ದ. ತನ್ನಂತೆಯೇ ಕಾಯುವ, ತನ್ನಂತೆಯೇ ಹುಚ್ಚನಾದ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲೆ ಇದ್ದಾನಲ್ಲ ಎಂದು ಅವಳ ಎದೆ ತುಂಬಿತು. ಅವಳು ಅವನನ್ನು ಸರ್ ಎಂದು ಕರೆದಳು.

ಮೊದಲು ಕಿಲ್ಲಾದ ಬುರುಜು ಕೇಳಿದ. ಆಮೇಲೆ ತ್ರಿಪುರಾಂತ ಕೆರೆಯ ಮೆಟ್ಟಿಲು. ಆಮೇಲೆ ಆ ಓಣಿ, ಬರೀ ಆ ಓಣಿ. ಓಣಿಗೆ ಬರುವ ದಾರಿ ಎಷ್ಟು? ಒಂದು ಕಡೆ ಮುಚ್ಚಿದೆಯಾ? ಆ ಗಿಡ್ಡ ಬಾಗಿಲು, ನೀರಿನ ಕೊಡದವಳು ಬಂದಳಲ್ಲ, ಅದರ ಚಿತ್ರ ಹತ್ತಿರದಿಂದ ಸಿಗುತ್ತದಾ? ಅದರ ಚಿಲಕ ಒಳಗಿನದೋ ಹೊರಗಿನದೋ?

ಆ ಮನೆಯಲ್ಲಿದ್ದವಳು ಕಾಂತಾ ಎಂಬ ದರ್ಜಿ ಹೆಂಗಸು. ಹೋದ ವರ್ಷ ಚಿಕ್ಕ ಮಗಳನ್ನು ಕರೆದುಕೊಂಡು ಬಂದು, ಮುನ್ನಿ ಬೀ ಎಂಬ ಮುದುಕಿಯ ಮನೆಯ ಮುಂಭಾಗವನ್ನು ಬಾಡಿಗೆಗೆ ಹಿಡಿದಿದ್ದಳು. ರುಕ್ಮಿಣಿಬಾಯಿಯ ಕುಪ್ಪಸಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ತಲೆ ಬಗ್ಗಿಸುತ್ತಿದ್ದಳು.

ಸ್ನೇಹಲ್ ಅವ್ವನ ಕುಪ್ಪಸದ ನೆಪ ಮಾಡಿ ಹೋದಳು. ಬಾಗಿಲ ಬೆಳಕಿಗೆ ಮಷೀನು ಹಾಕಿಕೊಂಡು ಕಾಂತಾ ಕೂತಿದ್ದಳು.

“ಕಾಂತಕ್ಕ, ನಿನ್ನ ಬಾಗಲದ್ದು ಒಂದು ಫೋಟೋ ತಗೀಲೇನು? ಭಾಳ ಛಂದ ಅದ.”

ಮಷೀನು ನಿಂತಿತು. “ಬ್ಯಾಡ ತಂಗಿ.”

“ನಿಂದಲ್ಲಕ್ಕ, ಬಾಗಲದ್ದು.”

“ಬಾಗಲದ್ದೂ ಬ್ಯಾಡ. ನಿನ್ನ ಕಾಲ ಬೀಳ್ತೀನಿ, ಬ್ಯಾಡ.”

ಒಂದು ಬಾಗಿಲಿಗಾಗಿ ಕಾಲಿಗೆ ಬೀಳುವ ಮಾತೇ ಎಂದು ಸ್ನೇಹಲ್‌ಗೆ ವಿಚಿತ್ರವೆನಿಸಿತು. ಆದರೂ ನಕ್ಕು ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ಮಷೀನು ಮತ್ತೆ ಓಡತೊಡಗಿದಾಗ ಆ ಸದ್ದನ್ನು ಸುಮ್ಮನೆ ರೆಕಾರ್ಡ್ ಮಾಡಿದಳು. ಸದ್ದೇ ಮುಖ್ಯವಾದ ಆಟಕ್ಕೆ ಓಣಿಯ ಸದ್ದು ಬೇಕಲ್ಲ! ಹೊರಟು ನಿಂತಾಗ, ಕಾಂತಾ ನೂಲು ಹುಡುಕಲು ಒಳಗೆ ಹೋದ ಸಮಯ ನೋಡಿ, ಬಾಗಿಲಿನ ಚಿತ್ರವನ್ನೂ ತೆಗೆದಳು.

ಸರ್ ಆ ಸದ್ದನ್ನು ಕೇಳಿ ಬರೆದ: ‘ಇದೇ. ಇದನ್ನೇ ಹುಡುಕುತ್ತಿದ್ದೆ.’

ಮುಂದಿನ ವಾರ ಪ್ರಶ್ನೆಗಳು ಸೂಕ್ಷ್ಮವಾಗುತ್ತ ಬಂದವು. ಓಣಿ ಯಾವ ಹೊತ್ತಿನಲ್ಲಿ ಖಾಲಿ ಇರುತ್ತದೆ? ನೀವು ಹೇಳಿದ ಆ ಮುದುಕಿ ಮಧ್ಯಾಹ್ನ ಮಲಗುತ್ತಾಳಾ? ಆ ಮನೆಯ ಮಗು ಯಾವ ಶಾಲೆಗೆ ಹೋಗುತ್ತದೆ, ಎಷ್ಟಕ್ಕೆ ಬರುತ್ತದೆ? ಕೊನೆಯ ಪ್ರಶ್ನೆ ಓದಿದಾಗ ಸ್ನೇಹಲ್‌ಳ ಬೆರಳುಗಳು ತಡೆದವು. ‘ಮಗು ಯಾಕೆ ಸರ್?’ ಎಂದು ಕೇಳಿದಳು.

‘ಟ್ರೇಲರಿನ ಕೊನೆಗೆ ಸೀನಿದ್ದು ಯಾರು, ಮರೆತಿರಾ?’ ಎಂದು ಬರೆದು, ಜೊತೆಗೆ ಒಂದು ಚಿತ್ರ ಕಳಿಸಿದ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಆಟ ಕಟ್ಟಿದವರ ಹೆಸರುಗಳು; ನಡುವೆ, ‘ಸ್ನೇಹಲ್, ಬಸವಕಲ್ಯಾಣ’.

ಆ ಅನುಮಾನ ತನ್ನ ಹೆಸರು ಕಂಡೊಡನೆ ಎಲ್ಲಿಗೋ ಹೋಯಿತು. ಅವಳು ಶಾಲೆಯ ಹೆಸರು ಬರೆದಳು. ಅದು ಅಪ್ಪನ ಅಂಗಡಿಗೆ ಹತ್ತಿರವಾದ್ದರಿಂದ ಬಿಡುವ ಹೊತ್ತೂ ಅವಳಿಗೆ ಗೊತ್ತಿತ್ತು. ಅದನ್ನೂ ಬರೆದಳು.

ಬುಧವಾರ ಬೆಳಿಗ್ಗೆ ಎಂದಿನಂತೆ ಫೋನನ್ನು ಕಂಪನಿಯ ಗೇಟಿನಲ್ಲಿ ಕೊಟ್ಟು ಒಳಗೆ ಹೋದಳು. ಒಳಗೆ ಫೋನು ಒಯ್ಯುವ ಹಾಗಿಲ್ಲ. ಊಟದ ಹೊತ್ತಿಗೆ ಹೊರಬಂದು, ಬುತ್ತಿ ಬಿಚ್ಚಿ, ರೊಟ್ಟಿ ಮುರಿಯುತ್ತ ಎಡಗೈಯಿಂದ ಫೋನು ನೋಡಿದಳು. ಸರ್ ಕಳಿಸಿದ ಒಂದು ಫೋಟೋ ಇತ್ತು. ಗಿಡ್ಡ ಬಾಗಿಲು. ತಾನು ತೆಗೆದದ್ದೇ ಎಂದುಕೊಂಡಳು. ಆದರೆ ತಾನು ತೆಗೆದಾಗ ಹೊಸ್ತಿಲ ಮುಂದೆ ಈ ಮೋಟಾರ್ ಸೈಕಲ್ಲಿನ ನೆರಳು ಇರಲಿಲ್ಲ.

ಕೆಳಗೆ ಬರೆದಿತ್ತು: ‘ನೀವು ಹೇಳಿದ ಹಂಗೇ ಅದ. ಉಪಕಾರ ಮರಿಯಂಗಿಲ್ಲ. ದೀಪಾಲಿ ಇನ್ನೂ ಮಷೀನು ಬಾಗಲಿಗೇ ಹಾಕ್ಕೊಂಡು ಕೂಡ್ತಾಳಲ್ಲ!’

ದೀಪಾಲಿ ಯಾರು? ಆಟದ ಪಾತ್ರವಿರಬೇಕು ಎಂದುಕೊಂಡಳು ಮೊದಲು. ಅಲ್ಲಿಯವರೆಗೆ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದವನು ಇವತ್ತು ತಮ್ಮ ಸೀಮೆಯ ಮಾತಿನಲ್ಲಿ ಯಾಕೆ ಬರೆದ? ಮತ್ತೆ ಓದಿದಳು. ‘ಇನ್ನೂ’ ಎಂಬ ಮಾತಿನ ಮೇಲೆ ಕಣ್ಣು ನಿಂತಿತು. ಮೊದಲು ನೋಡಿದವನು ಮಾತ್ರ ಇನ್ನೂ ಎನ್ನುತ್ತಾನೆ. ಕಾಲಿಗೆ ಬೀಳುತ್ತೇನೆ ಎಂದವಳ ಮುಖ ಕಣ್ಣೆದುರು ಬಂತು. ಸೆರಗಿನಿಂದ ಮುಖ ಮುಚ್ಚಿಕೊಂಡ ಗಳಿಗೆ ಬಂತು. ಓಣಿ ಯಾವಾಗ ಖಾಲಿ, ಮುದುಕಿ ಯಾವಾಗ ಮಲಗುತ್ತಾಳೆ, ಚಿಲಕ ಎಲ್ಲಿದೆ, ಮಗು ಯಾವ ಶಾಲೆ: ಒಂದೊಂದಾಗಿ ಎಲ್ಲವನ್ನೂ ತಾನೇ ಹೇಳಿದ್ದಳು.

ಬುತ್ತಿ ಬದಿಗಿಟ್ಟು ಅವ್ವನಿಗೆ ಫೋನು ಹಚ್ಚಿದಳು.

“ಊಟ ಆತೇನು?” ಎಂದಳು ರುಕ್ಮಿಣಿಬಾಯಿ.

“ಅವ್ವಾ, ನೀ ಈಗಿಂದೀಗ ಕಾಂತಕ್ಕನ ಮನಿಗಿ ಹೋಗು. ಒಬ್ಬಾಕಿನೇ ಹೋಗಬ್ಯಾಡ, ಮಂದೀನ ಕರ್ಕೊಂಡು ಹೋಗು. ಅಲ್ಲಿ ಒಬ್ಬ ಗಂಡಸು ಬಂದಾನ.”

“ಯಾರು? ಏನು ಹೇಳಾಕತ್ತಿ?”

“ಆಕಿನ್ನ ಹುಡುಕ್ಕೊಂಡು ಬಂದಾನವ್ವಾ. ದಾರಿ ನಾನೇ ಹೇಳೀನಿ. ನನಗ ಗೊತ್ತಿದ್ದಿಲ್ಲ. ಕೂಸಿನ ಸಾಲೀನೂ ಹೇಳೀನಿ. ಅಪ್ಪಗ ಹೇಳಿ ಸಾಲಿಗಿ ಕಳಸು.”

ರುಕ್ಮಿಣಿಬಾಯಿ ಬಯ್ಯಲಿಲ್ಲ, ಏನೂ ಕೇಳಲಿಲ್ಲ. “ಇಡು ಫೋನು,” ಎಂದಳು. ಸ್ವಲ್ಪ ಹೊತ್ತಿನಲ್ಲೇ ಅವಳೇ ತಿರುಗಿ ಮಾಡಿದಳು. “ಅಪ್ಪಗ ಹೇಳೀನಿ. ಕೂಗಾಡಿ ಹತ್ತು ಮಂದೀನ ಎಬ್ಬಿಸೀನಿ. ನಾ ಓಣ್ಯಾಗ ಬಂದೀನಿ. ಫೋನು ಇಡಬ್ಯಾಡ, ಕೈಯಾಗ ಹಿಡ್ಕೊಂಡೀನಿ.”

ಅಷ್ಟರಲ್ಲಿ ಸ್ನೇಹಲ್ ಸೂಪರ್‌ವೈಸರ್‌ಗೆ ಮನೆಯಲ್ಲಿ ಜಡ್ಡು ಎಂದು ಹೇಳಿ, ಆಟೋ ಹಿಡಿದು ಹೈವೇಗೆ ಬಂದು, ಕಲ್ಯಾಣದ ಬಸ್ಸು ಹತ್ತಿದ್ದಳು. ಕಿಟಕಿಯ ಪಕ್ಕ ಕೂತು, ಒಂದು ಕಿವಿಗೆ ಕೈ ಮುಚ್ಚಿ, ಇನ್ನೊಂದಕ್ಕೆ ಫೋನು ಒತ್ತಿಕೊಂಡಳು. ಹೊರಗೆ ಕುಸುಬಿಯ ಹೊಲಗಳು ಬಿಸಿಲಿಗೆ ಉರಿಯುತ್ತಿದ್ದವು. ಫೋನಿನೊಳಗಿನಿಂದ ಅವ್ವನ ಚಪ್ಪಲಿಯ ಸದ್ದು, ಏದುಸಿರು, ಹಿಂದೆ ಬರುವ ಹೆಂಗಸರ ಗುಜುಗುಜು.

ಆಮೇಲೆ ಇನ್ನೊಂದು ಸದ್ದು ಕೇಳಿತು. ಹೊಲಿಗೆ ಮಷೀನು. ತಡೆದು ತಡೆದು ಓಡುತ್ತಿತ್ತು. ಹೊಲಿಯಲು ಬಾರದವರು ಪೆಡಲು ತುಳಿದ ಹಾಗೆ.

“ಯಾರ್ರಿ ನೀವು?” ಅವ್ವನ ದನಿ. “ಕಾಂತಾನ ಮಷೀನಿನ ಮ್ಯಾಲ ಯಾಕ ಕುಂತೀರಿ?”

ಮಷೀನು ನಿಲ್ಲಲಿಲ್ಲ. “ನಾನು ಆಕಿ ಗಂಡ ಇದ್ದೀನ್ರಿ ಅಕ್ಕಾರ. ಆಕಿ ಹೆಸರು ಕಾಂತಾ ಅಲ್ರಿ, ದೀಪಾಲಿ.” ಮೆತ್ತನೆಯ ದನಿ. ದೇವಸ್ಥಾನದಲ್ಲಿ ಪಕ್ಕಕ್ಕೆ ಕೂತವರು ಮಾತಾಡಿಸಿದ ಹಾಗಿತ್ತು. “ಬಾಗಲ ತೆರದಿತ್ತು. ಒಳಗ ಯಾರೂ ಇಲ್ಲ. ಬರ್ತಾಳ ಅಂತ ಕುಂತೀನಿ.”

“ಯಾರೂ ಇಲ್ಲದ ಮನ್ಯಾಗ ಹ್ಯಾಂಗ ಕುಂತ್ರಿ? ಹೊರಗ ಬರ್ರಿ ಮೊದಲ.”

ಮಷೀನಿನ ಸದ್ದು ನಿಂತಿತು. ಸ್ನೇಹಲ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದಳು.

“ನೀವು ಸ್ನೇಹಲ್ ಅವರ ಅವ್ವ ಅಲ್ಲೇನ್ರಿ?” ಎಂದ ಅವನು. “ಅವರ ವಿಡಿಯೋದಾಗ ಹಿಂದಿನಿಂದ ಬೈತೀರಲ್ಲ, ಅದೇ ದನಿ. ನಾ ಕೇಳಿದ ಕೂಡಲೇ ಗುರ್ತ ಹಿಡದೆ.”

ಬಸ್ಸಿನೊಳಗೆ ಸ್ನೇಹಲ್‌ಗೆ ಫೋನು ಕೆಳಗಿಡಬೇಕೆನಿಸಿತು, ಇಡಲಾಗಲಿಲ್ಲ.

ಓಣಿಯಲ್ಲಿ ಗಲಾಟೆ ಎದ್ದಿತು. ಯಾರೋ ಪೊಲೀಸರಿಗೆ ಫೋನು ಮಾಡಿ ಎಂದರು. ಮುನ್ನಿ ಬೀ ದೊಡ್ಡ ದನಿಯಲ್ಲಿ, “ಅರೆ, ನಿಕಲ್ ಯಹಾಂಸೆ! ಹೊರಗ ನಡಿ! ನನ್ನ ಘರ್ ಇದು, ನೀ ಯಾವನೋ?” ಎಂದು ಕೂಗುತ್ತಿದ್ದಳು. ಅವನು ಯಾರ ಮೇಲೂ ಕೈಯೆತ್ತಲಿಲ್ಲ, ದನಿಯೆತ್ತಲಿಲ್ಲ. ಮೋಟಾರ್ ಸೈಕಲ್ ಶುರುವಾದ ಸದ್ದು ಬಂತು. ಹೋಗುವ ಮೊದಲು, “ಇರಲಿ ಬಿಡ್ರಿ. ಈಗ ದಾರಿ ಗೊತ್ತಾಗ್ಯಾದಲ್ಲ,” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಸ್ನೇಹಲ್ ಕಲ್ಯಾಣದಲ್ಲಿ ಇಳಿದವಳು ನೇರ ಅಪ್ಪನ ಅಂಗಡಿಗೆ ಓಡಿದಳು. ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಹೊಕ್ಕಳು. ಕಡಲೆಬೇಳೆಯ ಚೀಲದ ಮೇಲೆ ಕಾಂತಾಳ ಮಗಳು ಆರೋಹಿ ಶಾಲೆಯ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಬಸವಣಪ್ಪ ಬೆವರು ಒರೆಸಿಕೊಳ್ಳುತ್ತಿದ್ದ.

“ನಾ ಸಾಲ್ಯಾಗ ಬಾಯಾರ ಜೋಡಿ ಮಾತಾಡೋದ್ರಾಗ ಅಂವ ಗೇಟಿನ ಹತ್ತಿರ ಬಂದು ನಿಂತ,” ಎಂದ ಬಸವಣಪ್ಪ ದನಿ ತಗ್ಗಿಸಿ. “ಬಾಯಾರು ನನಗೂ ಕೂಸಿನ್ನ ಕೊಟ್ಟಿದ್ದಿಲ್ಲ. ತಾಯಿ ಬಿಟ್ಟು ಯಾರ ಕೈಯಾಗೂ ಕೊಡಬ್ಯಾಡ್ರಿ ಅಂತ ಆಕಿ ಮೊದಲೇ ಹೇಳಿಟ್ಟಿದ್ಳಂತ. ನಿಮ್ಮವ್ವನ ಕಡಿಂದ ತಿಳದು ಆಕಿನೇ ಸಾಲಿಗಿ ಫೋನ್ ಮಾಡಿ ನನ್ನ ಹೆಸರು ಹೇಳಿದ ಮ್ಯಾಲ ನನ್ನ ಕೈಯಾಗ ಕೊಟ್ರು. ಅಂವ ನೋಡಕೋತ ನಿಂತಿದ್ದ. ಭಾಳ ಸಭ್ಯಸ್ಥ ಇದ್ದಂಗ ಕಾಣಸ್ತಾನ. ನನಗ ಕೈ ಮುಗದು, ನಿಮ್ಮ ಮಗಳು ಭಾಳ ಛಂದ ಮಾತಾಡ್ತಾಳ್ರಿ, ವಿಡಿಯೋ ಮಾಡೋದು ಬಿಡಸಬ್ಯಾಡ್ರಿ ಅಂದ. ಯಾರವ್ವಾ ಅಂವ?”

ಸ್ನೇಹಲ್ ಮಗುವಿನ ಮುಂದೆ ಕೂತು ಅದರ ಕೈ ಹಿಡಿದಳು. ಕೈ ಮಂಜಿನಂತಿತ್ತು. “ಅಂಜಬ್ಯಾಡ ಪುಟ್ಟಿ,” ಎಂದಳು. ತನ್ನ ಬಾಯಿಂದ ಬಂದ ಆ ಮಾತು ಕೇಳಿ ಅವಳಿಗೇ ನಾಚಿಕೆಯಾಯಿತು. ಮಗು ಒಂದು ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ಸುಮ್ಮನಿರು ಎಂದು ಅವಳಿಗೇ ಸನ್ನೆ ಮಾಡಿತು.

ಕಾಂತಾ, ಅಲ್ಲ, ದೀಪಾಲಿ ಮುನ್ನಿ ಬೀಯ ಜೋಳದ ಕೋಣೆಯಲ್ಲಿ ಕೂತಿದ್ದಳು. ಮೋಟಾರ್ ಸೈಕಲ್ಲಿನ ಸದ್ದು ಓಣಿಯ ಬಾಯಿಗೆ ಬಂದಾಗಲೇ ಅವಳಿಗೆ ತಿಳಿದಿತ್ತಂತೆ. ಸೂಜಿಯ ಕೆಳಗಿನ ಬಟ್ಟೆ ಹಾಗೇ ಬಿಟ್ಟು, ಹಿಂದಿನ ಬಾಗಿಲಿನಿಂದ ಮುದುಕಿಯ ಮನೆಗೆ ದಾಟಿದ್ದಳು. ಗೋಡೆಯ ಆ ಕಡೆ ತನ್ನದೇ ಮಷೀನು ಓಡುವುದನ್ನು ಅಷ್ಟೂ ಹೊತ್ತು ಕೇಳುತ್ತ ಕೂತಿದ್ದಳು. ಮಗಳು ಬಂದು ಮಡಿಲು ಸೇರಿದ ಮೇಲೆಯೇ ಅವಳು ಕಣ್ಣು ಮೇಲೆತ್ತಿದ್ದು.

ಸ್ನೇಹಲ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ವಿಡಿಯೋ, ಮೆಸೇಜು, ಬಾಗಿಲು, ಸದ್ದು, ಶಾಲೆ. ಯಾವುದನ್ನೂ ಮುಚ್ಚಿಡಲಿಲ್ಲ. ರುಕ್ಮಿಣಿಬಾಯಿ ಮಗಳ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ತಾನೇ ಅಳತೊಡಗಿದಳು.

ದೀಪಾಲಿ ಅಳಲಿಲ್ಲ. “ಅಂವ ಆಟ ಕಟ್ಟಾವಲ್ಲ, ಆಡಾವ. ಅವನ ಹೆಸರು ಧನರಾಜ,” ಎಂದಳು. “ನಿನ್ನ ವಿಡಿಯೋ ನಾವಿಬ್ಬರೂ ಕೂಡಿ ನೋಡ್ತಿದ್ವಿ, ತಂಗಿ. ಆ ಮನ್ಯಾಗ ಇದ್ದಾಗ. ನಿನ್ನ ಮಾತು ಕೇಳಿ ಅಂವ ನಕ್ಕ ಅಂದ್ರ, ಅವತ್ತು ನನಗ ಹೊಡಿತ ಇಲ್ಲ ಅಂತ ಅರ್ಥ. ನಿನ್ನ ವಿಡಿಯೋ ಯಾವಾಗ ಬರ್ತದ ಅಂತ ನಾನೂ ಕಾಯ್ತಿದ್ದೆ.”

ಸ್ನೇಹಲ್ ಫೋನನ್ನು ಚೀಲದೊಳಗೆ ತುರುಕಿದಳು.

“ಅಂವ ಆಟ ಆಡೋ ಮುಂದ ಮನ್ಯಾಗ ಯಾರೂ ಸದ್ದು ಮಾಡಂಗಿದ್ದಿಲ್ಲ. ಕೂಸು ಕೆಮ್ಮಿದ್ರೂ ಆಟ ಕೆಡ್ತು ಅಂತಿದ್ದ. ಕೆಟ್ಟ ಮ್ಯಾಲ ಎದ್ದು ಬರ್ತಿದ್ದ.” ಅವಳು ಮಗಳ ತಲೆಗೂದಲು ಸರಿಪಡಿಸಿದಳು. “ಇಲ್ಲಿಗಿ ಬಂದ ಮ್ಯಾಲ ಈಕಿ ನಕ್ಕಿದ್ದು ಮೊದಲನೇ ಸಲ ಕೇಳ್ದೆ. ಈಕಿ ದನಿ ಇಷ್ಟು ದೊಡ್ಡದದ ಅಂತ ನನಗ ಗೊತ್ತೇ ಇದ್ದಿಲ್ಲ.”

ಪೊಲೀಸರು ಬಂದರು. ಮಹಿಳಾ ಪೇದೆಯೊಬ್ಬಳು ಪಕ್ಕದಲ್ಲಿ ಕೂತು, ಸಾವಕಾಶ ಕೇಳಿ, ದೂರು ಬರೆದುಕೊಂಡಳು. ಸ್ನೇಹಲ್ ಮೆಸೇಜು ತೋರಿಸಲು ಫೋನು ತೆಗೆದಳು. ಅವನು ತನ್ನದನ್ನೆಲ್ಲ ಅಳಿಸಿಹಾಕಿದ್ದ; ಆ ಹೆಸರೂ ಇರಲಿಲ್ಲ, ಕಳಿಸಿದ ಚಿತ್ರಗಳೂ ಇರಲಿಲ್ಲ. ಅವಳು ಕೊಟ್ಟ ಉತ್ತರಗಳು ಮಾತ್ರ ಸಾಲಾಗಿ ಉಳಿದಿದ್ದವು. ಹುಡುಕುತ್ತೇವೆ, ಎರಡು ದಿನ ಎಲ್ಲಿಯೂ ಹೋಗಬೇಡಿ, ಓಣಿಗೆ ಒಬ್ಬರನ್ನು ಹಾಕುತ್ತೇವೆ ಎಂದಳು ಪೇದೆ. ದೀಪಾಲಿ ತಲೆಯಾಡಿಸಿದಳು. ಅವರು ತಿರುವು ದಾಟಿದ ಕೂಡಲೇ ಎದ್ದು ಚೀಲ ತುಂಬತೊಡಗಿದಳು.

“ಪೊಲೀಸರು ಇರ್ತಾರಂತಲ್ಲ,” ಎಂದಳು ರುಕ್ಮಿಣಿಬಾಯಿ.

“ಎಷ್ಟು ದಿನ ಇರ್ತಾರ್ರಿ? ಅವಗ ಕಾಯೋದು ಗೊತ್ತದ. ಒಂದು ಆಟಕ್ಕ ಮೂರು ವರ್ಷ ಕಾದಾವ ಅಂವ.”

“ನಮ್ಮ ಮನಿಗಿ ಬಾ.”

“ನಿಮ್ಮ ಮನೀನೂ ಅವಗ ಗೊತ್ತದ್ರಿ, ಅಕ್ಕಾರ.” ಅದು ನಿಜವಾಗಿತ್ತು. ಸ್ನೇಹಲ್‌ಳ ಅಡಿಗೆಮನೆ, ಅಟ್ಟ, ಹಿಂಬಾಗಿಲು ಎಲ್ಲವೂ ಯಾವುದಾದರೊಂದು ವಿಡಿಯೋದಲ್ಲಿ ಇದ್ದವು.

ಮಷೀನನ್ನು ಮುನ್ನಿ ಬೀಗೆ ಒಪ್ಪಿಸಿದಳು. ಮುದುಕಿ ಅದರ ಮೇಲೆ ಚಾದರು ಹೊದಿಸಿ, ಮಗುವಿನ ಹಣೆಗೆ ಮುತ್ತಿಟ್ಟು, ಆ ಕಡೆ ಮುಖ ತಿರುಗಿಸಿದಳು. ಬಸವಣಪ್ಪ ಪರಿಚಯದವರ ಜೀಪು ತಂದ. ಕಲ್ಯಾಣದ ಬಸ್ ಸ್ಟ್ಯಾಂಡು ಬೇಡ, ಹುಮನಾಬಾದಿಗೆ ಬಿಡಿ, ಅಲ್ಲಿಂದ ನಾಲ್ಕೂ ದಿಕ್ಕಿಗೆ ಬಸ್ಸಿದೆ ಎಂದಳು ದೀಪಾಲಿ. ಸ್ನೇಹಲ್ ಕೇಳದೆಯೇ ಜೀಪು ಹತ್ತಿದಳು.

ದಾರಿಯಲ್ಲಿ ರಾಜೇಶ್ವರದ ಹತ್ತಿರ ಒಂದು ಮೋಟಾರ್ ಸೈಕಲ್ಲು ಜೀಪಿನ ಹಿಂದೆಯೇ ಬಹಳ ದೂರ ಬಂತು. ಅದರ ಸವಾರ ಹೆಲ್ಮೆಟ್ಟು ಹಾಕಿಕೊಂಡಿದ್ದ. ಬಸವಣಪ್ಪ ಚಾಲಕನಿಗೆ ನಿಧಾನ ಮಾಡಲು ಹೇಳಿದ, ಅದೂ ನಿಧಾನವಾಯಿತು. ದೀಪಾಲಿ ಮಗಳನ್ನು ಸೀಟಿನ ಕೆಳಗೆ ಜಾರಿಸಿ, ಮೇಲೆ ತನ್ನ ಸೆರಗು ಮುಚ್ಚಿದಳು. ಒಂದು ಧಾಬಾದ ಮುಂದೆ ಮೋಟಾರ್ ಸೈಕಲ್ಲು ಪಕ್ಕಕ್ಕೆ ತಿರುಗಿ ನಿಂತಿತು. ಅವನೋ, ಬೇರೆ ಯಾರೋ, ತಿಳಿಯಲಿಲ್ಲ. ಆಮೇಲೆ ಹಿಂದಿನಿಂದ ಬಂದ ಪ್ರತಿ ಗಾಡಿಯ ಸದ್ದಿಗೂ ಜೀಪಿನೊಳಗಿನವರ ಕುತ್ತಿಗೆಗಳು ತಿರುಗಿದವು.

ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಗದ್ದಲ. ಕಲಬುರಗಿ, ಬೀದರ, ಸೋಲಾಪುರ, ಹೈದರಾಬಾದ್ ಎಂದು ಕೂಗುವ ಕಂಡಕ್ಟರುಗಳು. ಇಂಡಸ್ಟ್ರಿಯಲ್ ಏರಿಯಾದ ಕಡೆಯಿಂದ ಎಂದಿನ ಘಾಟು ಗಾಳಿಗೆ ಬರುತ್ತಿತ್ತು. ಬಸವಣಪ್ಪ ಹೊರಗೆ ಗೇಟಿನಲ್ಲಿ ಕಾವಲು ನಿಂತ. ಸ್ನೇಹಲ್ ಚೀಲ ಹೊತ್ತು ಒಳಗೆ ನಡೆದಳು.

“ಅಕ್ಕಾ, ಎಲ್ಲಿಗಿ ಹೋಗ್ತಿ?” ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ಅವಳಿಗೆ ಗೊತ್ತಾಯಿತು, ತಾನು ಕೇಳಬಾರದಿತ್ತು.

ದೀಪಾಲಿ ಅವಳ ಕೈಯಿಂದ ಚೀಲ ತೆಗೆದುಕೊಂಡಳು. ಸಿಟ್ಟಿಲ್ಲದ, ಪ್ರೀತಿಯೂ ಇಲ್ಲದ ದನಿಯಲ್ಲಿ ಹೇಳಿದಳು: “ನೀ ಕೆಟ್ಟ ಹುಡುಗಿ ಅಲ್ಲ. ಆದ್ರ ಯಾರರ ನಕ್ಕೋತ ಕೇಳಿದ್ರ ನೀ ಹೇಳ್ತಿ. ಆ ಗ್ವಾಡಿ ಕಡಿ ಮಾರಿ ಮಾಡಿ ನಿಂದ್ರು. ನಾವು ಯಾವ ಬಸ್ ಹತ್ತೀವಿ ಅಂತ ನೋಡಬ್ಯಾಡ. ಕಣ್ಣು ಮುಚ್ಚು. ಕಿವೀನೂ ಮುಚ್ಕೋ.”

ಸ್ನೇಹಲ್ ಗೋಡೆಯ ಕಡೆ ತಿರುಗಿದಳು. ಎಲೆಯಡಿಕೆಯ ಉಗುಳಿನಿಂದ ಕೆಂಪಾದ ಗೋಡೆ. ಅದಕ್ಕೆ ಹಣೆ ಹಚ್ಚುವಷ್ಟು ಹತ್ತಿರ ನಿಂತು, ಕಣ್ಣು ಮುಚ್ಚಿ, ಎರಡೂ ಅಂಗೈಗಳಿಂದ ಕಿವಿಗಳನ್ನು ಒತ್ತಿಕೊಂಡಳು. ಜನ ತಾಗಿಸಿಕೊಂಡು ಹೋದರು, ಯಾರೋ ನಕ್ಕರು. ಬಸ್ಸುಗಳು ಹೊರಡುತ್ತಿದ್ದದ್ದು ಕಾಲಡಿಯ ನೆಲ ಅದುರಿದಾಗ ತಿಳಿಯುತ್ತಿತ್ತು. ಒಂದು ಹೋಯಿತು. ಇನ್ನೊಂದು ಹೋಯಿತು. ಅವರು ಯಾವುದರಲ್ಲಿ ಹೋದರೋ, ಇನ್ನೂ ಹೋಗಿಲ್ಲವೋ. ಯಾರೋ ಬಂದು ತನ್ನ ಬೆನ್ನ ಹಿಂದೆಯೇ ನಿಂತಂತೆ ಅವಳಿಗೆ ಅನಿಸಿತು. ಉಸಿರು ಕುತ್ತಿಗೆಗೆ ತಾಗಿದಂತೆಯೂ ಅನಿಸಿತು. ಸ್ನೇಹಲ್ ತಿರುಗಲಿಲ್ಲ.